ಬಿಸಿನೆಸ್ ಕಾರ್ಡ್ ದೂರಿಗೆ 60 ದಿನ ಇಲ್ಲ: ಸ್ಪಷ್ಟನೆ

ಚಿಕ್ಕಪೇಟೆ ವ್ಯಾಪಾರಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: 'ಬಿಸಿನೆಸ್ ಕಾರ್ಡಿನಿಂದ ಯಾರೋ ದುಡ್ಡು ಎಳೆದರೆ 60 ದಿನದೊಳಗೆ ದೂರು ಕೊಟ್ಟರೆ ಸಾಕು.' ಇದು ತಪ್ಪು. 60 ದಿನದ ಲೆಕ್ಕ ಅಮೆರಿಕದ ಗ್ರಾಹಕ ಕಾನೂನಿನದು.

ನಮ್ಮಲ್ಲಿ 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ತಂದ ನಿಯಮ ಬೇರೆಯೇ ಇದೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ, ಬ್ಯಾಂಕಿನ ಎಸ್ಸೆಮ್ಮೆಸ್ ಬಂದ ಮೇಲೆ 3 ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮಗಿಲ್ಲ. 4ರಿಂದ 7 ಕೆಲಸದ ದಿನವಾದರೆ ನಷ್ಟ ಒಂದಷ್ಟು ನಿಮ್ಮ ತಲೆಗೆ. 5 ಲಕ್ಷಕ್ಕಿಂತ ಜಾಸ್ತಿ ಲಿಮಿಟ್ ಇರುವ ಕ್ರೆಡಿಟ್ ಕಾರ್ಡಾದರೆ ಅದು 25,000 ರೂಪಾಯಿವರೆಗೂ ಹೋಗಬಹುದು. 7 ದಾಟಿದರೆ ಬ್ಯಾಂಕಿನ ಪಾಲಿಸಿ ಹೇಳಿದಂತೆ.

ಬ್ಯಾಂಕಿನ ಎಸ್ಸೆಮ್ಮೆಸ್ ನಿಮ್ಮ ಲೆಕ್ಕ ಬರೆಯುವವರ ಫೋನಿಗೆ ಹೋಗುತ್ತಿದ್ದರೆ, ನಿಮಗೆ ಗೊತ್ತಾಗುವಷ್ಟರಲ್ಲಿ ಗಡುವೇ ಮುಗಿದಿರುತ್ತದೆ, ಅಲ್ವಾ? ಯಾವ ನಂಬರ್ ಕೊಟ್ಟಿದ್ದೀರಿ ಅಂತ ಇವತ್ತೇ ನೋಡಿಕೊಳ್ಳಿ. ಆ 60 ದಿನದ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.