ಆರ್‌ಎಸ್‌ಪಿಬಿ ಕಟ್ಟಿದ್ದು ರಾಣಿಯಲ್ಲ

‘1889ರಲ್ಲಿ ವಿಕ್ಟೋರಿಯಾ ರಾಣಿ ಆರ್‌ಎಸ್‌ಪಿಬಿ ಎಂಬ ಪಕ್ಷಿ ಸಂರಕ್ಷಣಾ ಸಂಘ ಕಟ್ಟಿ, ಟೋಪಿಗೆ ಗರಿ ಸಿಕ್ಕಿಸುವುದನ್ನು ಅದೇ ವರ್ಷ ನಿಷೇಧಿಸಿದಳು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಹೋದ ವಾರ ನಾನೂ ಅದನ್ನು ನಾಲ್ಕು ಗುಂಪುಗಳಿಗೆ ದಾಟಿಸಿದ್ದೆ. ಅದು ತಪ್ಪು.

ಇಸವಿಯೊಂದು ಸರಿ. 1889ರಲ್ಲಿ ಇದನ್ನು ಆರಂಭಿಸಿದವರು ಮ್ಯಾಂಚೆಸ್ಟರ್‌ನ ಡಿಡ್ಸ್‌ಬರಿಯ ಎಮಿಲಿ ವಿಲಿಯಮ್ಸನ್. ಕ್ರಾಯ್ಡನ್‌ನಲ್ಲಿ ಎಲಿಜಾ ಫಿಲಿಪ್ಸ್ ಮತ್ತು ಗೆಳತಿಯರು ನಡೆಸುತ್ತಿದ್ದ ಇಂಥದೇ ಗುಂಪು 1891ರಲ್ಲಿ ಇವರೊಂದಿಗೆ ಸೇರಿತು. ಆಹಾರಕ್ಕಾಗಿ ಕೊಲ್ಲದ ಯಾವ ಹಕ್ಕಿಯ ಗರಿಯನ್ನೂ ಧರಿಸುವುದಿಲ್ಲ ಎಂಬುದು ಸದಸ್ಯೆಯರ ಪಣ. ಉಷ್ಟ್ರಪಕ್ಷಿಗೆ ಮಾತ್ರ ವಿನಾಯಿತಿ! (ಅದರ ಗರಿಯನ್ನು ಕೊಲ್ಲದೆಯೇ ಕತ್ತರಿಸಬಹುದು.) ಬೆಳ್ಳಕ್ಕಿಯ ಕಥೆ ಬೇರೆ. ಬೆನ್ನಿನ ಮೇಲಿನ ಆ ನವಿರಾದ ಎಳೆಗರಿ ಮೂಡುವುದು ಮರಿ ಮಾಡುವ ಕಾಲದಲ್ಲಿ; ಬೇಟೆಗಾರ ತಾಯಿಹಕ್ಕಿಯನ್ನು ಹೊಡೆದರೆ ಗೂಡಿನಲ್ಲಿ ಮರಿಗಳು ಹಸಿವಿನಿಂದ ಸಾಯುತ್ತಿದ್ದವು.

ಸಂಘದ ಹೆಸರಿಗೆ ‘ರಾಯಲ್’ (ಆರ್‌ಎಸ್‌ಪಿಬಿಯ ‘ಆರ್’) ಎಂಬ ಪದ ಸೇರಿದ್ದು 1904ರ ರಾಜಸನ್ನದಿನಿಂದ. ಆಗ ಸಿಂಹಾಸನದಲ್ಲಿದ್ದವನು ಏಳನೆಯ ಎಡ್ವರ್ಡ್. ವಿಕ್ಟೋರಿಯಾ ತೀರಿಹೋಗಿ ಮೂರು ವರ್ಷವಾಗಿತ್ತು. ಗರಿಗಳ ಆಮದನ್ನು ತಡೆಯುವ ಕಾಯ್ದೆಯನ್ನು ಬ್ರಿಟಿಷ್ ಸಂಸತ್ತು ಅಂಗೀಕರಿಸಿದ್ದು 1921ರಲ್ಲಿ, ಎಂದರೆ ಆ ಹೆಂಗಸರು ಶುರುಮಾಡಿ ಮೂವತ್ತೆರಡು ವರ್ಷಗಳ ನಂತರ. ಅದೂ ಆಮದಿಗೆ ನಿಷೇಧ, ಧರಿಸುವುದಕ್ಕಲ್ಲ. ನಮ್ಮಲ್ಲಿ ಗರಿಗಳ ರಫ್ತನ್ನು 1902ರಲ್ಲೇ ನಿಷೇಧಿಸಲಾಗಿತ್ತು ಎಂಬುದು ನನಗೂ ಈಗಷ್ಟೇ ತಿಳಿದದ್ದು.

ಹಳೆಯ ಸಂದೇಶವನ್ನು ದಯವಿಟ್ಟು ಇನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅಲ್ಲಿಗೆ ಇದನ್ನೂ ಹಾಕಿಬಿಡಿ; ನಾನು ನಾಲ್ಕೂ ಕಡೆ ಹಾಕಿದ್ದೇನೆ.