ಸತ್ಯಾಂಶ: ಮೊದಲ ಭೇಟಿಯಲ್ಲಿ ಮಾತಿಗೆ ಬರೀ 7% ಬೆಲೆನಾ?

"ಮೊದಲ ಭೇಟಿಯಲ್ಲಿ ನಿಮ್ಮ ಮಾತಿಗೆ 7% ಬೆಲೆ, ದನಿಗೆ 38%, ಹಾವಭಾವಕ್ಕೆ 55%." ಹೊಸದಾಗಿ ವ್ಯಾಪಾರ ಶುರು ಮಾಡುವವರಿಗೆ ವಾಟ್ಸಾಪ್‌ನಲ್ಲಿ ಬರುವ ಈ ಸಂದೇಶ ತಪ್ಪು.

ಅಂಕಿಗಳು ಗಾಳಿಯಲ್ಲಿ ಹುಟ್ಟಿದ್ದಲ್ಲ. 1967ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಜೊತೆಗಾರರು ಪ್ರಕಟಿಸಿದ ಎರಡು ಪ್ರಯೋಗಗಳಿಂದ ಬಂದವು. ಅಲ್ಲಿ ಕೇಳಿಸಿದ್ದು ಬಿಡಿ ಪದಗಳು. ಒಂದರಲ್ಲಂತೂ ಒಂದೇ ಪದ: 'ಮೇಬಿ', ಅಂದರೆ 'ಇರಬಹುದು'. ಅದನ್ನು ಬೇರೆಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೊ ತೋರಿಸಿ, ಹೇಳುವವರಿಗೆ ಎದುರಿನವರು ಇಷ್ಟವಾ ಇಲ್ಲವಾ ಅಂತ ಊಹಿಸಲು ಹೇಳಿದರು. ಅಷ್ಟೇ. ಇಷ್ಟಾನಿಷ್ಟದ, ಭಾವನೆಯ ಮಾತು ಬಿಟ್ಟು ಬೇರೆಲ್ಲೂ ಈ ಲೆಕ್ಕ ಹೊಂದುವುದಿಲ್ಲ ಅಂತ ಮೆಹ್ರಾಬಿಯನ್ ಅವರೇ ಹೇಳಿದ್ದಾರೆ.

ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಮಾರಲು ಒಂದು ಹೋಂಸ್ಟೇಗೆ ಹೋದಿರಿ ಅನ್ನಿ. ಇಸ್ತ್ರಿ ಮಾಡಿದ ಅಂಗಿ, ನಗುಮುಖ ಬೇಕು, ಖಂಡಿತ. ಆದರೆ ಯಜಮಾನರು ಪೊಟ್ಟಣ ಬಿಚ್ಚಿ, ಮೂಸಿ, "ಚಿಕೋರಿ ಎಷ್ಟು ಹಾಕಿದ್ದೀರಾ?" ಅಂತಾರೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇರಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಹಾಕಿರಬೇಕು ಅಂತ ನಿಯಮವೇ ಇದೆ. "20% ಸರ್, ಹುರಿದಿದ್ದು ಮೊನ್ನೆ ಮಂಗಳವಾರ. ಅರೇಬಿಕಾ ಜಾಸ್ತಿ, ರೊಬಸ್ಟಾ ಕಡಿಮೆ" ಅಂತ ತಡವರಿಸದೆ ಹೇಳಿದರೆ ಅವರು ಕುರ್ಚಿ ಎಳೆದು ಕೂರಿಸುತ್ತಾರೆ. ಕೆಲಸ ಮಾಡಿದ್ದು ಮಾತೇ ಅಲ್ವಾ?

ಈ ಸಂದೇಶ ನಂಬಿ ಸುಮ್ನೆ ಕನ್ನಡಿ ಮುಂದೆ ಹೊತ್ತು ಕಳೆಯುವ ಹುಡುಗ ಹುಡುಗಿಯರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಆ ಹೊತ್ತಿನಲ್ಲಿ ಕಿಲೋಗೆ ಎಷ್ಟು, ಯಾವತ್ತು ಹುರಿದಿದ್ದು, ಯಾವ ದಿನ ತಲುಪಿಸುತ್ತೀರಿ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.