ಅಕ್ಕೋರು ಬಾಗಿಲಲ್ಲಿ, ಚುಕ್ಕೆ ಕೆರೆಯಲ್ಲಿ

2025ರ ದಸರಾದಲ್ಲಿ ಶಾಲೆಯ ಶಿಕ್ಷಕರು ಮೊಬೈಲ್ ಹಿಡಿದು ನಡೆಸಿದ ರಾಜ್ಯದ ಮನೆ ಮನೆ ಜಾತಿ ಸಮೀಕ್ಷೆಯ ಕತೆ ನಿಮಗೆಲ್ಲ ಗೊತ್ತೇ ಇದೆ. ಆ್ಯಪ್ ಕೈಕೊಟ್ಟಿದ್ದು, ಓಟಿಪಿ ಬಾರದ್ದು, ಪಟ್ಟಿಯಲ್ಲಿದ್ದ ಮನೆ ಸಿಗದೆ ಮಾಸ್ತರರು ಊರೆಲ್ಲ ತಿರುಗಿದ್ದು, ಎಲ್ಲ ಪೇಪರಿನಲ್ಲಿ ಬಂದಿದೆ. ಅದನ್ನು ಮತ್ತೆ ಕೊರೆಯುವುದಿಲ್ಲ. ನನ್ನ ತಲೆಯಲ್ಲಿ ಕೂತಿರುವುದು ಫೋನಿನ ಮ್ಯಾಪಿನಲ್ಲಿ "ನೀವು ಇಲ್ಲಿದ್ದೀರಿ" ಎಂದು ತೋರಿಸುವ ಆ ನೀಲಿ ಚುಕ್ಕೆ.

ಧಾರವಾಡದ ನಮ್ಮ ಓಣಿಗೆ ಬಂದ ಅಕ್ಕೋರು, ಅಂದರೆ ಶಾಲೆಯ ಟೀಚರು, ಬಾಗಿಲ ಮುಂದೆಯೇ ನಿಂತಿದ್ದರು. ಹೊಸ್ತಿಲ ಈಚೆ ನಾವು, ಆಚೆ ಅವರು. ಆದರೆ ಫೋನಿನ ಪ್ರಕಾರ ಅವರು ಕೆಲಗೇರಿ ಕೆರೆಯಲ್ಲಿದ್ದರು. "ಸರ, ಲೊಕೇಶನ್ ಹಿಡಿವಲ್ದು, ಸ್ವಲ್ಪ ಹಿಂದ ಸರೀತೀನ್ರಿ" ಎಂದು ಅಂಗಳಕ್ಕೆ ಇಳಿದರು. ಚುಕ್ಕೆ ದಡಕ್ಕೆ ಬಂತು. ಮತ್ತೂ ಹಿಂದೆ ಸರಿದರು. ಎದುರು ಮನೆಯ ಎಮ್ಮೆಯ ಪಕ್ಕ ನಿಂತಾಗ ಚುಕ್ಕೆ ನಮ್ಮ ಮನೆಯೊಳಗೆ ಬಂದು ಕೂತಿತು. ಅಲ್ಲಿಂದಲೇ ಅಕ್ಕೋರು ಕೂಗಿ ಕೇಳಿದರು, ಇಲ್ಲಿಂದ ನಾವು ಕೂಗಿ ಹೇಳಿದೆವು. ಪ್ರಶ್ನೆ 60. ನಮ್ಮ ಜಾತಿ, ಸಾಲ, ಹೊಲ, ಓದು ಎಲ್ಲ ಈಗ ಓಣಿಗೆ ಗೊತ್ತು. ಮಾಹಿತಿ ಗುಟ್ಟಾಗಿ ಇರುತ್ತದೆ ಎಂದು ಹೇಳಿದ್ದರು ಅಲ್ವಾ? ಎಮ್ಮೆಯಂತೂ ಯಾರಿಗೂ ಹೇಳಿಲ್ಲ.

ಇದರಲ್ಲಿ ಫೋನಿಗೆ ಜಾಗ ಹೇಳುವ ಜಿಪಿಎಸ್ ಉಪಗ್ರಹಗಳ ತಪ್ಪೇನೂ ಇಲ್ಲ, ಪಾಪ. 20,000 ಕಿಲೋಮೀಟರಿಗೂ ಮೇಲೆ ತಿರುಗುತ್ತ ಅವು ಮಾಡುವ ಕೆಲಸ ಒಂದೇ: ಟೈಮ್ ಹೇಳುವುದು. "ಈಗ ಇಷ್ಟು ಗಂಟೆ, ನಾನು ಇಲ್ಲಿದ್ದೇನೆ." ಆ ಮಾತು ಎಷ್ಟು ತಡವಾಗಿ ಬಂತು ಎಂದು ನೋಡಿ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ನಮ್ಮೂರವರೂ ದೂರವನ್ನು ಟೈಮಿನಲ್ಲೇ ಹೇಳುವುದು. ಸಪ್ತಾಪುರ ಎಷ್ಟು ದೂರ ಎಂದರೆ "ಇಲ್ಲೇ ರೀ, ಐದು ನಿಮಿಷದ ಹಾದಿ" ಅನ್ನುತ್ತಾರೆ. ವಿಧಾನ ಒಂದೇ. ಉಪಗ್ರಹದಲ್ಲಿ ಅಣು ಗಡಿಯಾರ ಇದೆ, ಧಾರವಾಡದ ಐದು ನಿಮಿಷಕ್ಕೆ ಯಾವ ಗಡಿಯಾರವೂ ಇಲ್ಲ. ವ್ಯತ್ಯಾಸ ಅಷ್ಟೇ.

ಆ ಗಡಿಯಾರಗಳ ಶಿಸ್ತು ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಸೆಕೆಂಡನ್ನು ನೂರು ಕೋಟಿ ತುಂಡು ಮಾಡಿದರೆ ಒಂದು ತುಂಡು ಒಂದು ನ್ಯಾನೊಸೆಕೆಂಡ್. ಅಷ್ಟರಲ್ಲಿ ಬೆಳಕು ಒಂದು ಅಡಿ ಓಡುತ್ತದೆ. ಗಡಿಯಾರ ಅಷ್ಟು ತಪ್ಪಿದರೆ ಲೆಕ್ಕವೂ ಒಂದು ಅಡಿ ತಪ್ಪುತ್ತದೆ. ಸಾವಿರ ನ್ಯಾನೊಸೆಕೆಂಡ್, ಅಂದರೆ ಒಂದು ಮೈಕ್ರೊಸೆಕೆಂಡ್ ತಪ್ಪಿದರೆ 300 ಮೀಟರ್. ಐದು ಮೈಕ್ರೊಸೆಕೆಂಡ್ ತಪ್ಪಿದರೆ 1,500 ಮೀಟರ್, ಅಂದರೆ ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಆ 1,507 ಮೀಟರಿನ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಉದ್ದದ್ದು ಎಂದು ನಾವೆಲ್ಲ ಎದೆ ಉಬ್ಬಿಸುತ್ತೇವೆ. ತಪ್ಪು ತುದಿಯಲ್ಲಿ ಲಗೇಜು ಇಳಿಸಿಕೊಂಡವನ ಎದೆ ಮಾತ್ರ ಉಬ್ಬುವುದಿಲ್ಲ, ಏದುಸಿರು ಬಿಡುತ್ತದೆ. ಆದರೆ ಒಂದು ಲಾಭ ಉಂಟು. ಬೇರೆ ಊರಲ್ಲಿ ಚುಕ್ಕೆ ಒಂದೂವರೆ ಕಿಲೋಮೀಟರ್ ತಪ್ಪಿದರೆ ನೀವು ಬೇರೆ ಏರಿಯಾಕ್ಕೇ ಹೋಗಿಬಿಡುತ್ತೀರಿ. ಹುಬ್ಬಳ್ಳಿಯಲ್ಲಿ ಅದೇ ಪ್ಲಾಟ್‌ಫಾರ್ಮಿನಲ್ಲಿ ಇರುತ್ತೀರಿ. ಸರ್ಕಾರ ಮುಂದಾಲೋಚನೆಯಿಂದಲೇ ಕಟ್ಟಿಸಿರಬೇಕು.

ಇನ್ನೊಂದು ಚೋದ್ಯ ಇದೆ. ಅಷ್ಟು ಮೇಲೆ ಗಡಿಯಾರಗಳು ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತವೆ. ಐನ್‌ಸ್ಟೈನ್ ಲೆಕ್ಕ ಅದು. ಉಪಗ್ರಹ ಹಾರಿಸುವ ಮೊದಲೇ ಗಡಿಯಾರವನ್ನು ಅಷ್ಟು ನಿಧಾನ ಮಾಡಿ ಕಳಿಸುತ್ತಾರೆ. ಹಾಗೆ ಮಾಡದೆ ಬಿಟ್ಟರೆ ತಪ್ಪು ದಿನಕ್ಕೆ 11 ಕಿಲೋಮೀಟರ್ ಬೆಳೆಯುತ್ತದೆ. ಎರಡು ದಿನ ಬಿಟ್ಟರೆ ಹುಬ್ಬಳ್ಳಿಯವನು ಧಾರವಾಡದಲ್ಲಿ. ಟಿಕೆಟ್ ಇಲ್ಲ, ಸೀಟಿಗೆ ಜಗಳ ಇಲ್ಲ, ನವಲೂರಿನಲ್ಲಿ ಬ್ರೇಕ್ ಇಲ್ಲ.

ಮೇಲೆ ಇಷ್ಟೆಲ್ಲ ಒಮ್ಮತ. ಫೋನಿನೊಳಗಿನ ಗಡಿಯಾರ ಮಾತ್ರ ಅಗ್ಗದ್ದು. ಜಾಗ ಹೇಳಲು ಮೂರು ಉಪಗ್ರಹ ಸಾಕಾಗಬೇಕಿತ್ತು. ನಾಲ್ಕನೆಯದು ಬೇಕಾಗುವುದು "ನಿನ್ನ ಗಡಿಯಾರ ಸುಳ್ಳು" ಎಂದು ಫೋನಿಗೆ ಹೇಳಿ ಸರಿ ಮಾಡಲಿಕ್ಕೆ. ನಾಲ್ಕೂ ಸಿಗಬೇಕೆಂದರೆ ಮೇಲೆ ಆಕಾಶ ಕಾಣಬೇಕು. ನಮ್ಮ ಓಣಿಯಲ್ಲಿ ಆಕಾಶ ಕಾಣುವುದು ಒಂದು ಪಟ್ಟಿಯಷ್ಟು. ಸಿಗ್ನಲ್ ಗೋಡೆಗೆ ಬಡಿದು, ಸುತ್ತಿ ಬಳಸಿ, ತಡವಾಗಿ ಬರುತ್ತದೆ. ತಡವಾಗಿ ಬಂದದ್ದನ್ನು ದೂರದಿಂದ ಬಂತು ಎಂದು ಫೋನು ನಂಬುತ್ತದೆ. ಏನೂ ಸಿಗದಿದ್ದರೆ ಮೊಬೈಲ್ ಟವರ್ ನೋಡಿ ಅಂದಾಜು ಹೊಡೆಯುತ್ತದೆ. ಕೆರೆ ಸಿಗುವುದು ಆಗಲೇ.

ಬಯಲಲ್ಲಿ ನಿಂತರೂ ಫೋನು ಸುಮಾರು ಐದು ಮೀಟರ್ ಆಚೀಚೆ ಹೇಳುತ್ತದೆ. ಅದು ಅದರ ಒಳ್ಳೆಯ ದಿನ. ಈಗ ಲೆಕ್ಕ ನೋಡಿ. ಸಮೀಕ್ಷೆಗೆ ಮೊದಲು ಕರೆಂಟಿನ ಮೀಟರ್ ರೀಡರ್ ಒಂದು ದಿನ ಬಂದು ಸ್ಟಿಕರ್ ಅಂಟಿಸಿ, ಫೋನಿನಲ್ಲಿ ಮನೆಗೆ ಗುರುತು ಹಾಕಿದ. ಅವನ ಫೋನು ಐದು ಮೀಟರ್ ಆ ಕಡೆ. ಆಮೇಲೆ ಅಕ್ಕೋರು ಬಂದರು. ಅವರ ಫೋನು ಐದು ಮೀಟರ್ ಈ ಕಡೆ. ಎರಡೂ ಸೇರಿದರೆ ಹತ್ತು. ಗೋಡೆಗೆ ಗೋಡೆ ಹತ್ತಿದ ನಮ್ಮ ಓಣಿಯಲ್ಲಿ ಹತ್ತು ಮೀಟರಿನೊಳಗೆ ನಾಲ್ಕು ಸಂಸಾರ, ಒಂದು ಗಿರಣಿ, ಹನುಮಪ್ಪನ ಗುಡಿ ಬರುತ್ತವೆ. ಬಾಗಿಲು ಬಡಿದು "ಯಾರ ಮನಿರೀ ಇದು" ಎಂದು ಕೇಳಿದರೆ ಮುಗಿಯುವ ಕೆಲಸ ಇದು. ಅಕ್ಕೋರು ಕೇಳಿಯೂ ಕೇಳಿದರು. ಎರಡು ಗುರುತು ಕೂಡದೆ ಆ್ಯಪ್ ಒಪ್ಪಬೇಕಲ್ಲ?

ಗಡಿಯಾರ ಕೆಡುವುದೇ ಇಲ್ಲ ಅಂತಲ್ಲ. ಜಿಪಿಎಸ್‌ನಂಥದ್ದೇ ನಮ್ಮ ದೇಶದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರಲ್ಲಿ ಹೋಯಿತು. ಅದರೊಳಗೆ ಮೂರು ಅಣು ಗಡಿಯಾರ, ಮೂರೂ ಹೊರದೇಶದವು. ಕೆಲವೇ ವರ್ಷದಲ್ಲಿ ಮೂರೂ ಕೆಟ್ಟವು. ಯಾರೂ ಉಪಗ್ರಹಕ್ಕೆ ಕಾರಣ ಕೇಳಿ ನೋಟಿಸ್ ಕೊಡಲಿಲ್ಲ. ವಿಜ್ಞಾನಿಗಳು ಬೇರೆ ಉಪಗ್ರಹ ಕಳಿಸಿದರು, ಇಲ್ಲೇ ಗಡಿಯಾರ ಮಾಡಿದರು, 2023ರಲ್ಲಿ ಅದನ್ನೂ ಮೇಲೆ ಏರಿಸಿದರು. ಯಂತ್ರ ಕೆಟ್ಟರೆ ಯಂತ್ರವನ್ನು ಸರಿ ಮಾಡುವುದು, ಇದು ಬಾಹ್ಯಾಕಾಶದ ಪದ್ಧತಿ.

ನೆಲದ ಪದ್ಧತಿ ಬೇರೆ. ಇಲ್ಲಿ ಯಂತ್ರ ಕೆಟ್ಟರೆ ಅಕ್ಕೋರನ್ನು ಸರಿ ಮಾಡುತ್ತಾರೆ. ಮನೆ ಸಿಗಲಿಲ್ಲ ಎಂದರೆ "ನೀವು ಹೋಗೇ ಇಲ್ಲ." ಸರ್ವರ್ ಬಿದ್ದಿದೆ ಎಂದರೆ "ಬೇರೆಯವರಿಗೆ ಹೇಗೆ ಆಗ್ತದೆ?" ಹಗಲಿಡೀ ತಿರುಗಿ, ರಾತ್ರಿ ಊಟ ಆದ ಮೇಲೆ ಮಾಳಿಗೆ ಹತ್ತಿ, ಫೋನಿನಲ್ಲಿ ಉರುಟು ಚಕ್ರ ತಿರುಗುವುದನ್ನು ನೋಡುತ್ತ ನಿಲ್ಲುವುದು. ಸಾಕಾಗಿದೆ. ನಲವತ್ತು ಮಕ್ಕಳ ಹಾಜರಿಯನ್ನು ಕಣ್ಣಲ್ಲೇ ನೋಡಿ ಹೇಳುವ ಹೆಣ್ಣುಮಗಳು ಒಂದು ಮನೆಯ ಮುಂದೆ ನಿಂತು "ನಾನು ಇಲ್ಲೇ ಇದ್ದೀನಿ" ಅಂದರೆ ನಂಬುವವರಿಲ್ಲ. ಮನೆಯೊಡೆಯ ಹೌದು ಅಂದರೂ ನಂಬುವವರಿಲ್ಲ. ಅವಳ ಫೋನು ಹೇಳಬೇಕು. ಆ ಫೋನೂ ಅವಳದೇ, ಡೇಟಾವೂ ಅವಳದೇ, ಬೈಗುಳವೂ ಅವಳಿಗೇ. ಆ್ಯಪ್ ಮಾಡಿದವರು ಯಾವ ಓಣಿಯಲ್ಲೂ ಕಾಣಲಿಲ್ಲ. ಅವರ ಲೊಕೇಶನ್ ಯಾರೂ ಕೇಳಲಿಲ್ಲ.

2027ರ ಜನಗಣತಿಯೂ ಮೊಬೈಲಿನಲ್ಲೇ. ಅಕ್ಕೋರು ಮೊನ್ನೆ ಪೇಟೆಯಲ್ಲಿ ಸಿಕ್ಕಾಗ ದೊಡ್ಡದೊಂದು ಪವರ್ ಬ್ಯಾಂಕ್ ಕೊಳ್ಳುತ್ತಿದ್ದರು. "ಬಿಲ್ ಇಸ್ಕೊಳ್ರಿ, ಸರ್ಕಾರ ರೊಕ್ಕ ಕೊಟ್ಟರೂ ಕೊಡಬಹುದು" ಅಂದೆ. ಅಂಗಡಿಯವನೇ ಮೊದಲು ನಕ್ಕ.